ಬಾಬೆಲಿನ ಕಾಲೇಜು ಮತ್ತು ಎರಡು ಬಾಟಲಿ ನೀರು

ಯೌವನಸ್ಥರ ಕೂಟದ ಸಂದೇಶ. ವಾಕ್ಯಭಾಗ: ದಾನಿಯೇಲ 1:1–21, ಮತ್ತಾಯ 4:5–7, 1 ಸಮುವೇಲ 14:1–14

  ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ಹಾಸ್ಟೆಲ್ ಅಥವಾ ಪಿಜಿಯಲ್ಲಿ ಇರುವವರು ಕೈ ಎತ್ತಿ ನೋಡೋಣ. ಹಾಗಾದರೆ ಅರ್ಧಕ್ಕಿಂತ ಹೆಚ್ಚು ಜನ ಊರು ಬಿಟ್ಟು ಬಂದವರೇ. ಒಳ್ಳೆಯದು. ಇವತ್ತಿನ ಪಾಠ ಊರು ಬಿಟ್ಟು ಬಂದ ನಾಲ್ಕು ಜನ ಹುಡುಗರದ್ದು.

ದಾನಿಯೇಲ ಅಂದ ಕೂಡಲೇ ನಮಗೆ ಸಿಂಹಗಳ ಗವಿ ನೆನಪಿಗೆ ಬರುತ್ತೆ. ಸಂಡೇ ಸ್ಕೂಲ್ ಚಿತ್ರದ ಪ್ರಭಾವ ಅದು. ಆದರೆ ಗವಿಗೆ ಬೀಳುವಾಗ ಅವನು ಮುದುಕ. ಒಂದನೇ ಅಧ್ಯಾಯದಲ್ಲಿ ಅವನಿನ್ನೂ ಹುಡುಗ. ಅರಸನಾದ ನೆಬೂಕದ್ನೆಚ್ಚರ ಯೆರೂಸಲೇಮಿನ ಮೇಲೆ ಬಂದು, ದೇವಾಲಯದ ಪಾತ್ರೆಗಳ ಜೊತೆ ಒಳ್ಳೊಳ್ಳೆ ಹುಡುಗರನ್ನೂ ಎತ್ತಿಕೊಂಡು ಹೋದ. ಕ್ರಿಸ್ತಪೂರ್ವ 605ರ ಸುಮಾರಿನ ಮಾತು. ಯೆರೂಸಲೇಮಿಗೂ ಬಾಬೆಲಿಗೂ ಎಷ್ಟು ದೂರ ಗೊತ್ತಾ? ಮುಂದೆ ಎಜ್ರನು ಅದೇ ದಾರಿಯಲ್ಲಿ ವಾಪಸ್ ಬರುವಾಗ ನಾಲ್ಕು ತಿಂಗಳು ಹಿಡಿಯಿತು. ಎಜ್ರ 7:9 ನೋಡಿ, ಮೊದಲನೇ ತಿಂಗಳ ಮೊದಲ ದಿನ ಹೊರಟು ಐದನೇ ತಿಂಗಳ ಮೊದಲ ದಿನ ಮುಟ್ಟಿದ. ನಮಗೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಬೆಳಿಗ್ಗೆ ಊರು. ಆ ಹುಡುಗರಿಗೆ ಹಬ್ಬಕ್ಕೆ ಊರಿಗೆ ಹೋಗುವ ಮಾತೇ ಇಲ್ಲ.

ಅಲ್ಲಿ ಅವರಿಗೆ ಏನು ಕಾದಿತ್ತು? ಮೂರು ವರ್ಷದ ಕೋರ್ಸ್. ಹೊಸ ಭಾಷೆ, ಹೊಸ ಪುಸ್ತಕ, ಅರಸನ ಮೆಸ್ಸಿನ ಊಟ, ಕೊನೆಗೆ ಅರಸನ ಮುಂದೆ ವೈವಾ. ಹೆಸರೂ ಬದಲಾಯಿತು. ದಾನಿಯೇಲ ಅಂದರೆ ದೇವರೇ ನನ್ನ ನ್ಯಾಯಾಧಿಪತಿ. ಅವನಿಗೆ ಇಟ್ಟದ್ದು ಬೇಲ್ತೆಶಚ್ಚರ. ಅದು ತನ್ನ ದೇವರ ಹೆಸರು ಅಂತ ನೆಬೂಕದ್ನೆಚ್ಚರನೇ ನಾಲ್ಕನೇ ಅಧ್ಯಾಯದಲ್ಲಿ ಹೇಳುತ್ತಾನೆ. ಅಜರ್ಯ ಅಂದರೆ ಯೆಹೋವನು ಸಹಾಯ ಮಾಡಿದ್ದಾನೆ. ಅವನು ಅಬೇದ್ನೆಗೋ ಆದ, ನೆಬೋ ಎಂಬ ದೇವರ ಸೇವಕ. ಪ್ರತಿದಿನ ಹಾಜರಿ ಕೂಗುವಾಗ ಆ ಹೆಸರಿಗೆ ಎದ್ದು ನಿಲ್ಲಬೇಕು. ಯೋಚನೆ ಮಾಡಿ.

ಈಗ ನನ್ನ ಕಥೆಗೆ ಬರ್ತೀನಿ. ಇದನ್ನು ಹೇಳೋದಕ್ಕೆ ನನಗೆ ಇಷ್ಟವಿಲ್ಲ, ಆದರೂ ಹೇಳ್ತೀನಿ.

ನಾನು ಬೆಟಗೇರಿಯವನು. ಗದಗದ ಪಕ್ಕ, ನೇಕಾರರ ಊರು. ನಮ್ಮ ಮನೆಯಲ್ಲೂ ಮಗ್ಗ ಇತ್ತು. ಇಂಜಿನಿಯರಿಂಗ್ ಸೀಟು ಬೆಂಗಳೂರಿನಲ್ಲಿ ಸಿಕ್ಕಿತು. ಫೀಸಿಗೆ ನಮ್ಮವ್ವ ತನ್ನ ಪಾಟ್ಲಿ ಅಡವಿಟ್ಟಳು. ಅದು ಅಡವಿಗೆ ಹೋಗಿದ್ದು ನನಗೆ ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಕೇಳಿದಾಗಲೆಲ್ಲ "ಒಳಗ ಇಟ್ಟೀನಿ, ಮಗ್ಗಕ್ಕ ತಾಕತಾವು" ಅನ್ನುತ್ತಿದ್ದಳು.

ಮೊದಲ ವರ್ಷ ಬೆಂಗಳೂರು ನನ್ನನ್ನು ಹೆದರಿಸಿತು. ಕ್ಲಾಸಿನಲ್ಲಿ ನನ್ನ ಮಾತು ಕೇಳಿ ನಗುತ್ತಿದ್ದರು. ಆ ಒಂಟಿತನದಲ್ಲಿ ಒಬ್ಬ ಸೀನಿಯರ್ ಅಣ್ಣ ಭಾನುವಾರದ ಆರಾಧನೆಗೆ ಕರೆದುಕೊಂಡು ಹೋದರು. ಅಲ್ಲಿ ಯಾರೂ ನಗಲಿಲ್ಲ. ಎರಡನೇ ವರ್ಷದ ಆರಂಭದಲ್ಲಿ ಮೂರು ದಿನದ ಉಪವಾಸ ಪ್ರಾರ್ಥನೆ ಇತ್ತು, ಕೊನೆಯ ರಾತ್ರಿ ಕರ್ತನು ನನ್ನನ್ನು ಪವಿತ್ರಾತ್ಮನಿಂದ ತುಂಬಿಸಿದನು. ಅದು ನಿಜ. ಮುಂದೆ ನಾನು ಏನೇನು ಹಾಳು ಮಾಡಿಕೊಂಡೆ ಅಂತ ಕೇಳಿದ ಮೇಲೆ ಆ ರಾತ್ರಿಯೂ ಸುಳ್ಳು ಅಂತ ಯಾರೂ ಅಂದುಕೊಳ್ಳಬೇಡಿ. ಅನ್ಯಭಾಷೆಯಲ್ಲಿ ದೇವರನ್ನು ಸ್ತುತಿಸುತ್ತಾ ಬೆಳಗಾಯಿತು. ಹಲ್ಲೆಲೂಯಾ.

ತಪ್ಪಾಗಿದ್ದು ಆಮೇಲೆ. ಪ್ರಾರ್ಥನೆ ಸಿಹಿಯಾಗಿತ್ತು, ಎಂ-ತ್ರೀ ಕಹಿಯಾಗಿತ್ತು. ಫೂರಿಯರ್ ಸೀರೀಸ್ ಓದಿದವರಿಗೆ ಗೊತ್ತು. ಸಂಜೆ ಆರಕ್ಕೆ ನಮ್ಮ ಹಾಸ್ಟೆಲ್‌ನಲ್ಲಿ ಹುಡುಗರು ಗುಂಪಾಗಿ ಲೆಕ್ಕ ಮಾಡುತ್ತಿದ್ದರು. ನಾನು ಅದೇ ಆರಕ್ಕೆ ಟೆರೇಸ್ ಮೇಲೆ ಪ್ರಾರ್ಥನೆಗೆ ಹೋಗುತ್ತಿದ್ದೆ. ಪ್ರಾರ್ಥನೆಗೆ ಬೆಳಿಗ್ಗೆ ಐದೂ ಇತ್ತು, ರಾತ್ರಿ ಹತ್ತೂ ಇತ್ತು. ನಾನು ಆರನ್ನೇ ಯಾಕೆ ಆರಿಸಿಕೊಂಡೆ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ "ಮನುಷ್ಯರ ಜ್ಞಾನಕ್ಕಿಂತ ದೇವರ ಸನ್ನಿಧಿ ದೊಡ್ಡದು" ಅಂತ ಉತ್ತರ ರೆಡಿ ಇತ್ತು. ನಿಜವಾದ ಉತ್ತರ ಏನಂದ್ರೆ, ಲೆಕ್ಕ ಬರಲ್ಲ ಅಂತ ಆ ಹುಡುಗರ ಮುಂದೆ ತೋರಿಸಿಕೊಳ್ಳೋಕೆ ನಾಚಿಕೆ.

ಪರೀಕ್ಷೆ ಬರೆದೆ. ಪೇಪರ್ ನೋಡಿದಾಗಲೇ ಗೊತ್ತಾಗಿತ್ತು. ಆದರೆ ಫೆಬ್ರವರಿಯ ಒಂದು ಭಾನುವಾರ ಸಾಕ್ಷಿ ಸಮಯದಲ್ಲಿ ಎದ್ದು ನಿಂತು, ಮೈಕ್ ಹಿಡಿದು, "ಕರ್ತನು ನನಗೆ ಎಲ್ಲಾ ಸಬ್ಜೆಕ್ಟ್‌ಗಳಲ್ಲೂ ಜಯ ಕೊಟ್ಟಿದ್ದಾನೆ" ಅಂದೆ. ರಿಸಲ್ಟ್ ಬಂದಿರಲಿಲ್ಲ. ವಿಶ್ವಾಸದಿಂದ ಮೊದಲೇ ಹೇಳಿದರೆ ದೇವರು ಮಾಡಲೇಬೇಕು ಅಂತ ನನ್ನ ಲೆಕ್ಕ. ಸಭೆ ಚಪ್ಪಾಳೆ ತಟ್ಟಿತು. ಸಾಯಂಕಾಲ ಅವ್ವನಿಗೂ ಫೋನ್ ಮಾಡಿ ಅದನ್ನೇ ಹೇಳಿದೆ.

ಮಾರ್ಚ್‌ನಲ್ಲಿ ಕುಮಾರ ಪರ್ವತಕ್ಕೆ ಹೋದೆವು. ಹೋದವರು ಇದ್ದೀರಾ? ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತುವ ದಾರಿ, ತುದಿ 1712 ಮೀಟರ್. ಕರ್ನಾಟಕದ ಕಷ್ಟದ ಟ್ರೆಕ್‌ಗಳಲ್ಲಿ ಒಂದು. ಕಾಡು ಮುಗಿದು ಗಿರಿಗದ್ದೆ ದಾಟಿದರೆ ಆಮೇಲೆ ಬರೀ ಹುಲ್ಲುಗುಡ್ಡ, ನೆರಳಿಲ್ಲ. ಮಾರ್ಚ್‌ನಲ್ಲಿ ಹುಲ್ಲು ಒಣಗಿ ಬಂಡೆ ಕಾದಿರುತ್ತೆ. ನನ್ನ ಜೊತೆ ಬಂದವನು ನನ್ನ ರೂಮ್‌ಮೇಟ್, ಹಾಸನದ ಕಡೆಯ ಹುಡುಗ, ವಿಶ್ವಾಸಿಯಲ್ಲ. ಅವನು ಬ್ಯಾಗಿನಲ್ಲಿ ನಾಲ್ಕು ಬಾಟಲಿ ನೀರು ಇಟ್ಟುಕೊಂಡಿದ್ದ. ಗಿರಿಗದ್ದೆಯಲ್ಲಿ ಅವನ ಬ್ಯಾಗ್ ಭಾರ ನೋಡಿ ನಾನೇ ಹೇಳಿದೆ: "ಎರಡು ಇಲ್ಲೇ ಬಿಡು. ನಾನು ಪ್ರಾರ್ಥನೆ ಮಾಡಿದ್ದೀನಿ, ದೇವರು ನೋಡ್ಕೋತಾನೆ. ಮಾರಾಯಾ, ಬಂಡೆಯಿಂದ ನೀರು ಕೊಟ್ಟ ದೇವರು."

ಅವನು ನಕ್ಕ. ಆದರೆ ಬಿಟ್ಟ. ಯಾಕಂದ್ರೆ ನಾನು ಅಷ್ಟು ಖಚಿತವಾಗಿ ಹೇಳಿದ್ದೆ.

ಕಲ್ಲುಮಂಟಪದ ಹತ್ತಿರ ನೀರು ಸಿಗುತ್ತೆ ಅಂತ ಯಾರೋ ಹೇಳಿದ್ದರು. ನಾವು ಹೋದಾಗ ಅಲ್ಲಿ ಕೆಸರು ಮಾತ್ರ ಇತ್ತು. ಶೇಷ ಪರ್ವತ ಮುಟ್ಟುವಷ್ಟರಲ್ಲಿ ನಮ್ಮ ನೀರು ಮುಗಿಯಿತು. ಅವನಿಗೆ ಮೊದಲು ತಲೆಸುತ್ತು, ಆಮೇಲೆ ವಾಂತಿ, ಆಮೇಲೆ ಎರಡೂ ಕಾಲಿಗೆ ಸೆಳೆತ. ಕೂತಲ್ಲಿಂದ ಏಳೋಕೆ ಆಗಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಅವನ ತಲೆ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ, ಮೋಡ ಬರಲಿ ಅಂತ ಆಜ್ಞೆ ಕೊಟ್ಟೆ. ಮೋಡ ಬರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಮೇಲಿಂದ ಇಳಿಯುತ್ತಿದ್ದ ಐದಾರು ಜನರ ಗುಂಪು ಬಂತು. ಅವರ ಹತ್ತಿರ ನೀರಿತ್ತು, ಓಆರ್‌ಎಸ್ ಪೊಟ್ಟಣ ಇತ್ತು. ಅವರೇ ಅವನನ್ನು ಹಿಡಿದುಕೊಂಡು ಕೆಳಗಿಳಿಸಿದರು. ಚೆಕ್‌ಪೋಸ್ಟ್‌ನಲ್ಲಿದ್ದ ಅರಣ್ಯ ಇಲಾಖೆಯವರೊಬ್ಬರು ನನ್ನನ್ನು ನೋಡಿ, "ಎಂತ ಮಾರಾಯ್ರೆ, ಈ ಬಿಸಿಲಿಗೆ ನೀರಿಲ್ಲದೆ ಮೇಲೆ ಹೋಗುದಾ? ನಿಮಗೆ ಬೇಡದಿದ್ರೆ ಬೇಡ, ಇವರ ಮನೆಯವರಿಗೆ ಬೇಡ್ವಾ ಇವರು?" ಅಂದರು.

ರಾತ್ರಿ ಬಸ್ಸಿನಲ್ಲಿ ರೂಮ್‌ಮೇಟ್ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನಿನ್ನ ದೇವ್ರ ಮೇಲೆ ನಂಗೇನೂ ಕೋಪ ಇಲ್ಲ ಕಣೋ. ನೀರು ಬಿಟ್ಟು ಬಾ ಅಂದಿದ್ದು ದೇವ್ರಲ್ಲ, ನೀನು."

ಮುಂದಿನ ವಾರ ರಿಸಲ್ಟ್ ಬಂತು. ಮೂರು ಸಬ್ಜೆಕ್ಟ್ ಹೋಗಿತ್ತು.

ಸತ್ಯವೇದ ತೆಗೆಯಿರಿ, ಮತ್ತಾಯ 4. ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ತುದಿಯ ಮೇಲೆ ನಿಲ್ಲಿಸುತ್ತಾನೆ. ಧುಮುಕು, ದೂತರು ಹಿಡಿಯುತ್ತಾರೆ ಅನ್ನುತ್ತಾನೆ. ಅದಕ್ಕೆ ಅವನ ಹತ್ತಿರ ವಾಕ್ಯವೂ ಇದೆ, ಕೀರ್ತನೆ 91. ವಾಗ್ದಾನ ಸುಳ್ಳಲ್ಲ ಪ್ರಿಯರೇ, ಅದು ದೇವರ ವಾಗ್ದಾನವೇ. ಆದರೂ ಯೇಸು ಧುಮುಕಲಿಲ್ಲ. ಧರ್ಮೋಪದೇಶಕಾಂಡ 6:16ರಿಂದ ಉತ್ತರ ಕೊಟ್ಟರು, ದೇವರನ್ನು ಪರೀಕ್ಷಿಸಬಾರದು ಎಂದು. ಆ ವಚನ ಯಾವ ಜಾಗದ ಹೆಸರು ಹೇಳುತ್ತೆ ನೋಡಿ. ಮಸ್ಸಾ. ವಿಮೋಚನಕಾಂಡ 17ರಲ್ಲಿ ಬಂಡೆಯಿಂದ ನೀರು ಬಂದ ಜಾಗ! ಗಿರಿಗದ್ದೆಯಲ್ಲಿ ನಾನು ಯಾವ ಕಥೆಯನ್ನು ಧೈರ್ಯಕ್ಕೆ ಬಳಸಿದ್ದೆನೋ, ಅದೇ ಕಥೆಯನ್ನು ಸತ್ಯವೇದ ಎಚ್ಚರಿಕೆಗೆ ಬಳಸುತ್ತೆ. ಇದು ನನಗೆ ಕಂಡಾಗ ನಾನು ಪುಸ್ತಕ ಮುಚ್ಚಿ ಸುಮಾರು ಹೊತ್ತು ಕೂತಿದ್ದೆ.

ಹಾಗಾದ್ರೆ ಸಾಹಸವೇ ಬೇಡವಾ, ಸೇಫಾಗಿ ಇರಬೇಕಾ? ಇಲ್ಲ. 1 ಸಮುವೇಲ 14 ಓದಿ. ಯೋನಾತಾನನು ತನ್ನ ಆಯುಧ ಹೊರುವ ಹುಡುಗನ ಜೊತೆ ಫಿಲಿಷ್ಟಿಯರ ಠಾಣೆಗೆ ಬಂಡೆ ಹತ್ತುತ್ತಾನೆ. ಕೈಕಾಲು ಊರಿ ಹತ್ತಿದ ಅಂತ 13ನೇ ವಚನದಲ್ಲಿದೆ, ನಿಜವಾದ ಟ್ರೆಕ್ಕಿಂಗ್ ಅದು. ಅಲ್ಲಿ ಮೂರು ವಿಷಯ ನನ್ನನ್ನು ತಡೆದು ನಿಲ್ಲಿಸಿದವು. ಅವನು ತನ್ನ ಹುಡುಗನಿಗೆ "ಒಂದು ವೇಳೆ" ಕರ್ತನು ನಮಗಾಗಿ ಕಾರ್ಯಮಾಡಬಹುದು ಅನ್ನುತ್ತಾನೆ, ಮಾಡಲೇಬೇಕು ಅನ್ನುವುದಿಲ್ಲ. ಎರಡನೆಯದು, ಅವರು ಹೀಗೆ ಹೇಳಿದರೆ ಹತ್ತೋಣ, ಹಾಗೆ ಹೇಳಿದರೆ ಇಲ್ಲೇ ನಿಲ್ಲೋಣ ಅಂತ ನಿಲ್ಲುವುದಕ್ಕೂ ಜಾಗ ಇಟ್ಟುಕೊಂಡಿದ್ದ. ಇನ್ನು ಆ ಹುಡುಗ. ಅವನು ವಿಷಯ ಪೂರ್ತಿ ತಿಳಿದು, ತನ್ನ ಮನಸ್ಸಿನಿಂದ ಒಪ್ಪಿ ಜೊತೆಗೆ ಬಂದ. ನನ್ನ ರೂಮ್‌ಮೇಟ್ ಒಪ್ಪಿದ್ದು ನನ್ನ ಜೋರು ದನಿಗೆ. ನನ್ನ ವಿಶ್ವಾಸದ ಬಿಲ್ ಅವನ ಹೆಸರಿಗೆ ಹೋಯಿತು.

ದಾನಿಯೇಲನ ಕಡೆಗೆ ವಾಪಸ್ ಬನ್ನಿ. ಒಂದನೇ ಅಧ್ಯಾಯವನ್ನು ನಾನು ಮೊದಲು ಓದುವಾಗ "ಅರಸನ ಊಟ ಬೇಡ ಅಂದ" ಅನ್ನೋದು ಮಾತ್ರ ಕಾಣುತ್ತಿತ್ತು. ಅವನು ಯಾವುದಕ್ಕೆ ಬೇಡ ಅನ್ನಲಿಲ್ಲ ನೋಡಿ. ಅನ್ಯದೇವರ ಹೆಸರಿಟ್ಟರು, ಆ ಹೆಸರಿಗೆ ಉತ್ತರ ಕೊಟ್ಟ. ಕಸ್ದೀಯರ ಪುಸ್ತಕ ಕೊಟ್ಟರು, ಓದಿದ. ಅವು ಸುಲಭದ ಪುಸ್ತಕಗಳಲ್ಲ. ಹಸಿ ಜೇಡಿಮಣ್ಣಿನ ಫಲಕದ ಮೇಲೆ ಕಡ್ಡಿಯಿಂದ ಒತ್ತಿ ಬರೆಯುವ ಲಿಪಿ, ನೂರಾರು ಚಿಹ್ನೆಗಳು. ಜೊತೆಗೆ ಅರವತ್ತರ ಲೆಕ್ಕ. ಇವತ್ತು ನಾವು ಗಂಟೆಗೆ 60 ನಿಮಿಷ, ವೃತ್ತಕ್ಕೆ 360 ಡಿಗ್ರಿ ಅಂತೀವಲ್ಲ, ಅದು ಬಾಬೆಲಿನವರ ಆ ಲೆಕ್ಕದಿಂದ ಬಂದದ್ದು. ಆ ದೇಶದಲ್ಲಿ ದಾನಿಯೇಲ ಮೂರು ವರ್ಷ ಕೂತು ಓದಿದ. ಆಮೇಲೆ 17ನೇ ವಚನ, ದೇವರು ಆ ನಾಲ್ವರಿಗೂ ಸಕಲ ಶಾಸ್ತ್ರಗಳಲ್ಲಿ ಜ್ಞಾನವನ್ನೂ ವಿವೇಕವನ್ನೂ ಕೊಟ್ಟನು. ನಾನು ಕೇಳಿಕೊಳ್ಳುತ್ತಿದ್ದದ್ದು 20ನೇ ವಚನದ ಹತ್ತರಷ್ಟು. ಕ್ಲಾಸಿನಲ್ಲಿ ಕೂರುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದೆ.

ಇನ್ನು ಅವನು ಬೇಡ ಅಂದ ರೀತಿ. ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡ, ಆಮೇಲೆ ಹೋಗಿ ಬೇಡಿಕೊಂಡ. ಘೋಷಣೆ ಮಾಡಲಿಲ್ಲ. ಕಂಚುಕಿಯರ ಅಧ್ಯಕ್ಷ, ನಿಮ್ಮಿಂದ ನನ್ನ ತಲೆ ಹೋಗುತ್ತೆ ಅಂದ. ನಿಜವೇ, ಆ ಅರಸ ಅಂಥವನೇ. ದಾನಿಯೇಲ ಅವನ ಭಯವನ್ನು ಅವಿಶ್ವಾಸ ಅಂತ ತಳ್ಳಿಹಾಕಲಿಲ್ಲ. ಅವನ ಕೆಳಗಿನ ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ನೋಡಿ, ಕಾಯಿಪಲ್ಯ ಮತ್ತು ನೀರು ಕೊಟ್ಟು ನೋಡಿ, ಆಮೇಲೆ ನಿಮಗೆ ಸರಿ ಕಂಡದ್ದನ್ನು ಮಾಡಿ ಅಂದ. ತನ್ನ ನಂಬಿಕೆಗಾಗಿ ಇನ್ನೊಬ್ಬನ ತಲೆ ಹೋಗದ ಹಾಗೆ ದಾರಿ ಹುಡುಕಿದ. ಹತ್ತೇ ದಿನ, ಎಲ್ಲರ ಕಣ್ಣಿಗೂ ಕಾಣುವ ಪರೀಕ್ಷೆ. ನಿಮ್ಮ ಕಾಲೇಜ್ ಫೆಸ್ಟ್‌ನಲ್ಲಿ ಕುಡಿಯೋಕೆ ಕರೆದಾಗ, ಪ್ರಾಜೆಕ್ಟ್‌ನಲ್ಲಿ ಕಾಪಿ ಹೊಡೆಯೋಣ ಅಂದಾಗ, ಬೇಡ ಅನ್ನುವ ದನಿಯನ್ನು ಇಲ್ಲಿಂದ ಕಲಿಯಬಹುದು. ನಾನಂತೂ ಆ ವಯಸ್ಸಿನಲ್ಲಿ ಬೇಡ ಅಂದರೆ ಇಡೀ ಕಾರಿಡಾರಿಗೆ ಕೇಳಬೇಕಿತ್ತು!

ನಮ್ಮ ಕೆಲವು ಯೌವನಸ್ಥರಲ್ಲಿ ಒಂದು ಮಾತಿದೆ: ಹೆಚ್ಚು ಓದಿದರೆ ಅಭಿಷೇಕ ಕಡಿಮೆಯಾಗುತ್ತೆ. ಯಾರು ಕಲಿಸಿದರೋ ಗೊತ್ತಿಲ್ಲ, ನಮ್ಮ ಚರಿತ್ರೆ ಅದನ್ನು ಹೇಳಲ್ಲ. ಅಮೇರಿಕದ ಟೊಪೀಕಾ ಊರಿನ ಸಣ್ಣ ಸತ್ಯವೇದ ಶಾಲೆಯಲ್ಲಿ 1900ರ ಡಿಸೆಂಬರಿನಲ್ಲಿ ಚಾರ್ಲ್ಸ್ ಪಾರ್ಹ್ಯಾಮ್ ವಿದ್ಯಾರ್ಥಿಗಳಿಗೆ ಅಸೈನ್‌ಮೆಂಟ್ ಕೊಟ್ಟರು: ಅಪೊಸ್ತಲರ ಕೃತ್ಯಗಳನ್ನು ಓದಿ, ಪವಿತ್ರಾತ್ಮನ ದೀಕ್ಷಾಸ್ನಾನಕ್ಕೆ ಗುರುತು ಏನು ಅಂತ ಹುಡುಕಿ ತನ್ನಿ. ಓದಿದರು, ಹುಡುಕಿದರು, ಆಮೇಲೆ ಪ್ರಾರ್ಥಿಸಿದರು. 1901ರ ಜನವರಿ 1ರಂದು ಆಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿ ಅನ್ಯಭಾಷೆಯಲ್ಲಿ ಮಾತಾಡಿದಳು. ಅದೇ ಪಾರ್ಹ್ಯಾಮ್ ಮುಂದೆ ಹ್ಯೂಸ್ಟನ್‌ನಲ್ಲಿ ಪಾಠ ಮಾಡುವಾಗ ವಿಲಿಯಂ ಸೀಮೋರ್ ಕಪ್ಪು ಜನಾಂಗದವರು ಅನ್ನುವ ಕಾರಣಕ್ಕೆ ಬಿಳಿಯರ ಜೊತೆ ಒಳಗೆ ಕೂರುವ ಹಾಗಿರಲಿಲ್ಲ. ಅವರು ಬಾಗಿಲ ಹೊರಗೆ ಕೂತು ಪಾಠ ಕೇಳಿದರು. ಆ ಅವಮಾನ ನುಂಗಿಕೊಂಡು ಕಲಿತ ಮನುಷ್ಯನನ್ನು ದೇವರು 1906ರಲ್ಲಿ ಲಾಸ್ ಏಂಜಲಿಸ್‌ನ ಅಜುಸಾ ಬೀದಿಯಲ್ಲಿ ಉಪಯೋಗಿಸಿದನು.

ಅಷ್ಟು ದೂರ ಯಾಕೆ? ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಸಂಸ್ಕೃತ ಪಾಂಡಿತ್ಯಕ್ಕೆ ಕಲ್ಕತ್ತದವರು ಪಂಡಿತಾ ಅಂತ ಕರೆದರು. 1905ರಲ್ಲಿ ಪುಣೆ ಹತ್ತಿರದ ಕೇಡಗಾಂವಿನಲ್ಲಿ ಅವರ ಮುಕ್ತಿ ಆಶ್ರಮದ ಹುಡುಗಿಯರ ಮೇಲೆ ಉಜ್ಜೀವನ ಬಂತು, ಅಜುಸಾಗಿಂತ ಮೊದಲೇ. ಅದೇ ರಮಾಬಾಯಿ ಇಬ್ರಿಯ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತಂದರು, ಅಲ್ಲಿನ ಹೆಣ್ಣುಮಕ್ಕಳೇ ಅಚ್ಚಿನ ಕೆಲಸ ಮಾಡಿದರು. ಒಂದೇ ಕಾಂಪೌಂಡಿನಲ್ಲಿ ಕಣ್ಣೀರಿನ ಪ್ರಾರ್ಥನೆಯೂ ಇತ್ತು, ವ್ಯಾಕರಣವೂ ಇತ್ತು.

ಸರಿ, ರಿಸಲ್ಟ್ ಬಂದ ದಿನಕ್ಕೆ ಬರ್ತೀನಿ. ಎರಡು ಭಾನುವಾರ ನಾನು ಸಭೆಗೆ ಹೋಗಲಿಲ್ಲ. ಮೂರನೆಯ ವಾರ ಪಾಸ್ಟರ್ ಹಾಸ್ಟೆಲ್ಲಿಗೇ ಬಂದರು. ಬಾಗಿಲಲ್ಲಿ ನಿಂತವರಿಗೆ ಒಳಗೆ ಬನ್ನಿ ಅನ್ನುವುದಕ್ಕೂ ನನಗೆ ಬಾಯಿ ಬರಲಿಲ್ಲ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. "ತಮ್ಮಾ, ಆ ಸಾಕ್ಷಿ ಎಲ್ಲಿ ನಿಂತು ಹೇಳಿದೆ? ಇದನ್ನೂ ಅಲ್ಲೇ ನಿಂತು ಹೇಳು. ಅದಕ್ಕೂ ಮೊದಲು ತಾಯಿಗೆ ಹೇಳು" ಅಂದರು.

ಅವ್ವನಿಗೆ ಫೋನ್ ಮಾಡಿದೆ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು, ನಾನು ಹೇಳುತ್ತಾ ಹೋದ ಹಾಗೆ ಅದು ನಿಂತಿತು. "ನಾಪಾಸ್ ಆಗಿದ್ದಕ್ಕ ನನಗ ಬ್ಯಾಸರ ಇಲ್ಲಪಾ. ದೇವರ ಹೆಸರ ಹಿಡದ ಹೇಳಿದೆಲ್ಲಾ, ನಾ ಓಣಿ ತುಂಬ ಹೇಳಿಕೊಂಡ ಬಂದೆ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಊಟ ಆತೇನ?" ಅಂದಳು. ಪಾಟ್ಲಿಯ ಸಂಗತಿ ನನಗೆ ಗೊತ್ತಾಗಿದ್ದು ಅದೇ ವಾರ, ತಂಗಿಯ ಬಾಯಿಂದ.

ಭಾನುವಾರ ಮೈಕ್ ಹಿಡಿದು ನಿಂತಾಗ ಕಾಲು ನಡುಗುತ್ತಿತ್ತು. ಕುಮಾರ ಪರ್ವತ ಏನೂ ಅಲ್ಲ ಅದರ ಮುಂದೆ. ನಾನು ಸುಳ್ಳು ಸಾಕ್ಷಿ ಹೇಳಿದೆ, ಕರ್ತನು ಹೇಳದ್ದನ್ನು ಕರ್ತನು ಹೇಳಿದನು ಅಂದೆ, ಕ್ಷಮಿಸಿ ಅಂದೆ. ಚಪ್ಪಾಳೆ ಇಲ್ಲ. ಮುಗಿದ ಮೇಲೆ ಒಬ್ಬ ವಯಸ್ಸಾದ ಅಮ್ಮ ಬಂದು ನನ್ನ ಕೆನ್ನೆ ಮುಟ್ಟಿ ಹೋದರು, ಏನೂ ಮಾತಾಡಲಿಲ್ಲ. ಆ ದಿನ ನನ್ನೊಳಗೆ ಆದದ್ದು, ಆ ಉಪವಾಸದ ರಾತ್ರಿ ಆದದ್ದಕ್ಕಿಂತ ಚಿಕ್ಕದು ಅಂತ ನಾನು ಇವತ್ತಿಗೂ ಹೇಳಲಾರೆ. ಅದೇ ಪವಿತ್ರಾತ್ಮನು.

ರಾತ್ರಿ ರೂಮಿಗೆ ಬಂದು ರೂಮ್‌ಮೇಟ್‌ಗೆ ಹೇಳಿದೆ, ನನಗೆ ಲೆಕ್ಕ ಬರಲ್ಲ, ಹೇಳಿಕೊಡ್ತೀಯಾ? ಅವನು ಗೋಡೆ ಕಡೆ ತಿರುಗಿ ಮಲಗಿದ್ದ. "ಆರು ಗಂಟೆಗೆ ಬಾ, ಟೆರೇಸ್ ಹತ್ತಬೇಡ" ಅಂದ. ಮೂರು ತಿಂಗಳು ಕೂರಿಸಿಕೊಂಡು ಹೇಳಿಕೊಟ್ಟ. ನನ್ನಿಂದ ಗುಡ್ಡದ ಮೇಲೆ ಸತ್ತೇ ಹೋಗಬಹುದಿದ್ದ ಹುಡುಗ! ನನ್ನ ಪ್ರಾರ್ಥನೆ ಬೆಳಿಗ್ಗೆ ಐದಕ್ಕೆ ಹೋಯಿತು. ಎರಡು ಸಬ್ಜೆಕ್ಟ್ ಮುಂದಿನ ಸಲ ಆಯಿತು. ಎಂ-ತ್ರೀ ಮಾತ್ರ ಮೂರನೇ ಪ್ರಯತ್ನಕ್ಕೆ, ಅದೂ ಗಡಿ ದಾಟಿ ನಾಲ್ಕೇ ಮಾರ್ಕ್ಸ್ ಹೆಚ್ಚು. ಅವನು ಇವತ್ತಿಗೂ ವಿಶ್ವಾಸಿಯಲ್ಲ. ನಾನು ಅವನಿಗಾಗಿ ಪ್ರಾರ್ಥಿಸ್ತೀನಿ ಅಂತ ಅವನಿಗೆ ಗೊತ್ತು. "ನೀರು ತಗೊಂಡು ಪ್ರಾರ್ಥನೆ ಮಾಡ್ತಿದ್ದೀಯಾ ತಾನೇ?" ಅಂತ ಫೋನಿನಲ್ಲಿ ರೇಗಿಸ್ತಾನೆ.

ದಾನಿಯೇಲ 2ನೇ ಅಧ್ಯಾಯ ಮನೆಯಲ್ಲಿ ಓದಿಕೊಂಡು ಬನ್ನಿ, ಮುಂದಿನ ಶನಿವಾರ ಅದು. ಪ್ರಾಣಕ್ಕೆ ಬಂದ ರಾತ್ರಿ ದಾನಿಯೇಲ ಯಾರ ಹತ್ತಿರ ಹೋದ ಅಂತ 17ನೇ ವಚನದಲ್ಲಿ ಗುರುತು ಹಾಕಿಕೊಳ್ಳಿ.

ಈಗ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಮನೆಗೆ ಹೇಳದ ರಿಸಲ್ಟ್ ಯಾರ ಹತ್ತಿರ ಇದೆಯೋ ಅವರು ಮುಂದೆ ಬನ್ನಿ. ಹೆಸರು ಕೇಳಲ್ಲ, ಮೈಕ್ ಕೊಡಲ್ಲ. ನಿಮ್ಮ ಜೊತೆ ನಿಂತು ಪ್ರಾರ್ಥನೆ ಮಾಡ್ತೀವಿ, ಬೇಕಾದರೆ ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲೂ ಕೂರ್ತೀವಿ. ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ನಮ್ಮ ಸೀನಿಯರ್‌ಗಳು ಇರ್ತಾರೆ, ಗಣಿತಕ್ಕೆ ಇಬ್ಬರು, ಅಕೌಂಟ್ಸ್‌ಗೆ ಒಬ್ಬರು. ಎಂಟೂವರೆವರೆಗೆ. ಕ್ಯಾಲ್ಕ್ಯುಲೇಟರ್ ನೀವೇ ತಂದಿರಬೇಕು.